ಹಲಸಿನ ಮೇಣದ ಡಬ್ಬಿ

ಮೊನ್ನೆ ಚನ್ನರಾಯಪಟ್ಟಣದ ಬಸ್ಸಿನಲ್ಲಿ ನಮ್ಮ ಮನೆಗೆ ಒಂದು ಹಲಸಿನಹಣ್ಣು ಬಂತು. ಕಂಡಕ್ಟರ್ ಫೋನು ಮಾಡಿ, "ಮೇಡಂ, ನಿಮ್ಮ ಹಣ್ಣು ಸೀಟಿನ ಕೆಳಗೆ ಕೂತದೆ. ಬಿರ್ನೆ ಬಂದು ಇಳಿಸ್ಕೊಳಿ. ಬಸ್ಸೆಲ್ಲಾ ಗಮ್ ಅಂತದೆ, ಪ್ಯಾಸೆಂಜರ್‌ಗಳು ನನ್ನ ಮಕ ನೋಡ್ತಾವ್ರೆ" ಎಂದ. ಹಾಸನದ ಬಸ್ ನಿಲ್ದಾಣಕ್ಕೆ ನಮ್ಮ ಮನೆ ಹತ್ತಿರ. ಆದರೂ ಆಟೋ ಮಾಡಿದೆ. ಹಣ್ಣು ಸೀಟಿನ ಮೇಲೆ ಕೂತಿತು, ನಾನು ಉಳಿದ ಜಾಗದಲ್ಲಿ ಕೂತೆ.

ಹಣ್ಣಿನ ತೊಟ್ಟಿಗೆ ಒಂದು ಬಟ್ಟೆಯ ಚೀಲ ಕಟ್ಟಿತ್ತು. ಚೀಲದೊಳಗೆ ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡ ತಗಡಿನ ಡಬ್ಬಿ. ಮುಚ್ಚಳ ಕಚ್ಚಿಕೊಂಡಿತ್ತು. ತೆರೆಯದೆಯೇ ವಾಸನೆ ಬಂತು. ಹಲಸಿನ ಮೇಣಕ್ಕೆ ಎರಡು ಹನಿ ಕೊಬ್ಬರಿ ಎಣ್ಣೆ ಬೆರೆಸಿ ಸಣ್ಣ ಉರಿಯಲ್ಲಿ ಕಾಯಿಸಿದರೆ ಬರುವ ವಾಸನೆ ಅದು. ನೀವು ಇದನ್ನು ಮೂಸಿರಲಾರಿರಿ. ಲೋಕದಲ್ಲಿ ಎಲ್ಲರೂ ಮೇಣವನ್ನು ಕೈಯಿಂದ ಬಿಡಿಸಿಕೊಳ್ಳಲು ಎಣ್ಣೆ ಹಚ್ಚುತ್ತಾರೆ. ಅದನ್ನು ಕೈಗೆ ಬೇಕೆಂದೇ ಹಚ್ಚಿಕೊಂಡ ಹೆಣ್ಣುಮಕ್ಕಳ ತಂಡವೊಂದು ಹೊಳೆನರಸೀಪುರದಲ್ಲಿತ್ತು. ನಾನು ಅದರ ಬದಲಿ ಗೋಲ್‌ಕೀಪರ್ ಆಗಿದ್ದೆ.

ತೊಂಬತ್ತರ ದಶಕದ ನಡುಭಾಗ. ನಮ್ಮ ಕಾಲೇಜಿನ ಪಿ.ಟಿ. ಮೇಷ್ಟ್ರು ಒಂದು ದಿನ ಹುಡುಗಿಯರನ್ನೆಲ್ಲ ಬೇವಿನಮರದ ಕೆಳಗೆ ನಿಲ್ಲಿಸಿ, "ಕಬಡ್ಡಿಗೆ ಹೋದ್ರೆ ತಾಲ್ಲೂಕಲ್ಲೇ ಸೋತು ಬತ್ತೀರಿ. ಹ್ಯಾಂಡ್‌ಬಾಲ್ ಅಂತ ಒಂದದೆ. ಈ ಕಡೆ ಅದನ್ನ ಆಡೋರೇ ಕಮ್ಮಿ. ಸೀದಾ ಜಿಲ್ಲೆಗೇ ಹೋಗಬೌದು" ಎಂದರು. ಸೋಲುವುದಾದರೆ ದೊಡ್ಡ ಊರಿನಲ್ಲಿ ಸೋಲಬೇಕು ಎಂಬುದು ಅವರ ಸಿದ್ಧಾಂತ. ಆಟವನ್ನು ಅವರು ವಿವರಿಸಿದ್ದು ಹೀಗೆ: ಫುಟ್‌ಬಾಲನ್ನು ಕೈಯಲ್ಲಿ ಆಡಬೇಕು. ಒಂದೊಂದು ಕಡೆಗೆ ಏಳು ಜನ. ಗೋಲಿನ ಮುಂದೆ ಅರ್ಧಚಂದ್ರಾಕಾರವಾಗಿ ಗೆರೆ ಎಳೆದಿರುತ್ತದೆ, ಗೋಲ್‌ಕೀಪರ್ ಬಿಟ್ಟು ಯಾರೂ ಅದರೊಳಗೆ ಕಾಲಿಡುವಂತಿಲ್ಲ. ಗರ್ಭಗುಡಿ ಇದ್ದ ಹಾಗೆ ಎಂದು ನನಗೆ ತಕ್ಷಣ ಅರ್ಥವಾಯಿತು. ನಮ್ಮಪ್ಪ ದೇವಸ್ಥಾನದ ಅರ್ಚಕರು.

ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಚೆಂಡು ಚರ್ಮದ್ದೇನಮ್ಮ?"

"ರೆಕ್ಸಿನ್‌ದು ಅಪ್ಪ" ಎಂದೆ. ನನಗೆ ಗೊತ್ತಿರಲಿಲ್ಲ.

"ಹಾಗಾದ್ರೆ ಸರಿ. ಆಡಿ ಬಂದ್ಮೇಲೆ ಹಿತ್ತಲಲ್ಲಿ ಕೈಕಾಲು ತೊಳ್ಕೊಂಡು ಒಳಗೆ ಬಾ" ಎಂದರು.

ನನಗೆ ಓಡಲು ಬರುತ್ತಿರಲಿಲ್ಲವಾದ್ದರಿಂದ ಗೋಲ್‌ಕೀಪರ್ ಮಾಡಿದರು. ಚೆಂಡು ಬಂದಾಗ ಕಣ್ಣು ಮುಚ್ಚುತ್ತೇನೆಂದು ತಿಳಿದ ಮೇಲೆ ಬದಲಿ ಗೋಲ್‌ಕೀಪರ್ ಮಾಡಿದರು. ಆ ಹುದ್ದೆಯಲ್ಲಿ ನಾನು ಕೊನೆಯವರೆಗೂ ಇದ್ದೆ. ಬೆಂಚಿನ ಮೇಲೆ ಕೂತು ಎಲ್ಲರ ಟವೆಲ್ಲು, ಸರ, ಓಲೆ ಕಾಯುವುದು ನನ್ನ ಕೆಲಸ. ಒಂದು ಓಲೆಯೂ ಕಳೆದುಹೋಗಲಿಲ್ಲ. ನನ್ನ ಕ್ರೀಡಾಜೀವನದ ಸಾಧನೆ ಎಂದು ಹೇಳಿಕೊಳ್ಳಬಹುದಾದದ್ದು ಇಷ್ಟೇ, ಆದ್ದರಿಂದ ಇನ್ನು ಮುಂದೆ ಚಂದ್ರಿಯ ವಿಷಯ ಹೇಳುತ್ತೇನೆ.

ಚಂದ್ರಿ, ಅಂದರೆ ಚಂದ್ರಕಲಾ, ನನ್ನ ಪಕ್ಕದ ಬೆಂಚಿನವಳು. ತಂದೆ ಇರಲಿಲ್ಲ. ತಾಯಿ ಪುಟ್ಟತಾಯಮ್ಮ ಊರಿನ ತೆಂಗಿನಕಾಯಿ ಮಂಡಿಯಲ್ಲಿ ಕೂಲಿ ಮಾಡುತ್ತಿದ್ದರು. ಚಂದ್ರಿಯೂ ರಜದಲ್ಲಿ ಅಲ್ಲಿಗೆ ಹೋಗುತ್ತಿದ್ದಳು. ಸುಲಿದ ಕಾಯಿಯ ರಾಶಿಯಿಂದ ಲಾರಿಯವರೆಗೆ ಹೆಂಗಸರು ಸಾಲಾಗಿ ನಿಂತು, ಒಬ್ಬರಿಂದ ಒಬ್ಬರಿಗೆ ಕಾಯಿ ಎಸೆದು ತುಂಬಿಸುವುದನ್ನು ನೀವು ನೋಡಿರಬಹುದು. ಸಾಲಿನ ಕೊನೆಯವಳು ಲಾರಿಯ ಒಳಗೆ ಎಸೆಯಬೇಕು. ಆ ಜಾಗ ಚಂದ್ರಿಯದು. ಹತ್ತು ವರ್ಷ ತೆಂಗಿನಕಾಯಿ ಎಸೆದವಳ ಕೈಗೆ ಹ್ಯಾಂಡ್‌ಬಾಲ್ ಕೊಟ್ಟಾಗ ಅವಳು ಅದನ್ನು ತೂಗಿ ನೋಡಿ, "ಇದ್ರೊಳಗೆ ಕಾಯೇ ಇಲ್ವಲ್ಲೇ" ಎಂದಳು. ಆಮೇಲೆ ಎಸೆದಳು. ಗೋಲಿನಲ್ಲಿ ನಾನಿದ್ದೆ. ಕಣ್ಣು ಮುಚ್ಚುವ ವಿಷಯ ಅಂದೇ ಬಯಲಾಯಿತು.

ಅವಳು ಎಸೆದದ್ದು ಎಡಗೈಯಲ್ಲಿ. ಚಂದ್ರಿ ಎಡಚಿ. ಇದು ಅವರ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ, ಯಾರೂ ಬಾಯಿಬಿಟ್ಟು ಹೇಳದ ವಿಷಯವಾಗಿತ್ತು. ಊಟ, ಬರಹ, ಕುಂಕುಮ ಕೊಡುವುದು ಎಲ್ಲವನ್ನೂ ಪುಟ್ಟತಾಯಮ್ಮ ಹೊಡೆದು ಬಡಿದು ಬಲಗೈಗೆ ತಂದಿದ್ದರು. ಮಂಡಿಯಲ್ಲಿ ಮಾತ್ರ ಅವಳ ಎಡಗೈಯನ್ನು ಅದರ ಪಾಡಿಗೆ ಬಿಟ್ಟಿದ್ದರು, ಕಾಯಿ ಬೇಗ ತುಂಬುತ್ತದೆಂದು. ನಮ್ಮ ಕಡೆ ಯಾರಿಗಾದರೂ ಏನಾದರೂ ಎಡಗೈಯಲ್ಲಿ ಕೊಟ್ಟು ನೋಡಿ. ಕೊಟ್ಟದ್ದು ಬಂಗಾರವಾದರೂ, "ಯಾಕೆ, ಬಲಗೈಗೇನಾಗದೆ?" ಎಂಬ ಮಾತು ಬರುತ್ತದೆ. ಆದ್ದರಿಂದ ಚಂದ್ರಿಗೆ ಒಂದು ಅಭ್ಯಾಸ ಬಿದ್ದಿತ್ತು. ಎಡಗೈಯಲ್ಲಿ ಏನೇ ಹಿಡಿದಿದ್ದರೂ, ಕೊಡುವ ಕ್ಷಣದಲ್ಲಿ ಬಲಗೈಗೆ ಬದಲಾಯಿಸಿ ಕೊಡುವಳು. ಪೆನ್ಸಿಲ್ ಕೊಟ್ಟರೂ ಹಾಗೆ, ಕಡಲೆಕಾಯಿ ಕೊಟ್ಟರೂ ಹಾಗೆ.

ಅವಳಿಗೆ ಆಟ ಬಿಡಿಸಲಾಗದ ಹುಚ್ಚಾಯಿತು. ಆಟದಲ್ಲಿ ಚೆನ್ನಾಗಿ ಹೆಸರು ಮಾಡಿದವರನ್ನು ಸರ್ಕಾರಿ ಇಲಾಖೆಗಳು ಕರೆದು ಕೆಲಸ ಕೊಡುತ್ತವೆ, ಕೆಲಸವೆಂದರೆ ಮುಖ್ಯವಾಗಿ ಆಡುವುದೇ ಎಂದು ಮೇಷ್ಟ್ರು ಹೇಳಿದ ಮೇಲಂತೂ ಅವಳು ಬೇರೆ ಏನನ್ನೂ ಯೋಚಿಸಲಿಲ್ಲ. ಪುಟ್ಟತಾಯಮ್ಮ ಯೋಚಿಸಿದ್ದರು. ಅವರ ತಮ್ಮ ನಿಂಗರಾಜು ಚನ್ನರಾಯಪಟ್ಟಣದಲ್ಲಿ ಸಣ್ಣದೊಂದು ಕಾಯಿ ಮಂಡಿ ಇಟ್ಟಿದ್ದ. ಅಕ್ಕನ ಮಗಳು ಅವನಿಗೇ ಎಂದು ಅವಳು ತೊಟ್ಟಿಲಲ್ಲಿದ್ದಾಗಲೇ ಮಾತಾಡಿಕೊಂಡಿದ್ದರು. "ಡಿಗ್ರಿ ಮುಗಿಯೋಗಂಟ ಆಡ್ಕೋ" ಎಂದು ತಾಯಿ ಕರಾರು ಹಾಕಿದರು. "ಅಷ್ಟ್ರೊಳಗೆ ಕೆಲ್ಸ ಸಿಕ್ರೆ ಸರಿ. ಸಿಗ್ನಿಲ್ಲ ಅಂದ್ರೆ ನಮ್ ನಿಂಗರಾಜನ್ನ ಕಟ್ಕೊಂಡು ತೆಪ್ಪಗಿರು."

ಇಲ್ಲಿ ನೀವು ನಿಂಗರಾಜಣ್ಣನನ್ನು ಮೀಸೆ ತಿರುವುವ ಮನುಷ್ಯ ಎಂದುಕೊಂಡರೆ ನನ್ನ ತಪ್ಪು. ಅವನು ಸಣಕಲು ಆಳು, ಹಣೆಯಲ್ಲಿ ವಿಭೂತಿ, ಮಾತು ಕಡಿಮೆ, ಬಿಸಿಲಿರಲಿ ಇಲ್ಲದಿರಲಿ ಕಂಕುಳಲ್ಲಿ ಛತ್ರಿ. ನಾವು ಮೊದಲ ಪಂದ್ಯ ಆಡಿದ್ದು ಅರಕಲಗೂಡಿನಲ್ಲಿ. ಮಣ್ಣಿನ ಮೈದಾನ, ಚೆಂಡಿಗೆ ಧೂಳು ಮೆತ್ತಿ ಚಂದ್ರಿಯ ಕೈಯಿಂದ ಮತ್ತೆ ಮತ್ತೆ ಜಾರಿ ನಾವು ಸೋತೆವು. ಕಾಯಿ ಖರೀದಿಗೆ ಆ ಕಡೆ ಬಂದಿದ್ದ ನಿಂಗರಾಜಣ್ಣ ಬೇಲಿಯ ಪಕ್ಕ ಛತ್ರಿ ಊರಿಕೊಂಡು ಪೂರ್ತಿ ನೋಡಿದ. ಮುಗಿದ ಮೇಲೆ ಹತ್ತಿರ ಬಂದು, "ಆಟ ಚೆನ್ನಾಗೈತೆ ಕಣವ್ವ. ಕೈ ಜಾರ್ತದೆ ಅಷ್ಟೇಯ. ಅಂಟು ಬೇಕು" ಎಂದ.

ದೊಡ್ಡ ತಂಡಗಳವರು ಕೈಗೆ ಹಚ್ಚಿಕೊಳ್ಳಲು ಅಂಟಿನ ಡಬ್ಬಿ ಇಟ್ಟುಕೊಂಡಿರುತ್ತಾರೆಂದು ಮೇಷ್ಟ್ರೂ ಹೇಳಿದ್ದರು. ಅದು ಎಲ್ಲಿ ಸಿಗುತ್ತದೆಂದು ಅವರಿಗೂ ಗೊತ್ತಿರಲಿಲ್ಲ. ಮುಂದಿನ ಪಂದ್ಯಕ್ಕೆ ನಿಂಗರಾಜಣ್ಣ ಒಂದು ತಗಡಿನ ಡಬ್ಬಿಯೊಂದಿಗೆ ಬಂದ. ಅವನ ಮಂಡಿಯ ಹಿಂದೆ ಒಂದು ಹಲಸಿನ ಮರವಿತ್ತು. ಮೇಣವನ್ನು ಹಾಗೇ ಹಚ್ಚಿದರೆ ಚೆಂಡು ಕೈ ಬಿಡುವುದೇ ಇಲ್ಲ, ಎಣ್ಣೆ ಹೆಚ್ಚಾದರೆ ನಿಲ್ಲುವುದೇ ಇಲ್ಲ. ಎರಡರ ನಡುವಿನ ಹದವನ್ನು ಅವನು ಮಂಡಿಯಲ್ಲಿ ಕೂತು, ಮೂರು ಡಬ್ಬಿ ಸುಟ್ಟು ಕಂಡುಹಿಡಿದಿದ್ದ. ಹದ ನೋಡುವ ಕ್ರಮವೂ ಅವನದೇ. ಚೆಂಡನ್ನು ಒಂದು ಕೈಯಲ್ಲಿ ಹಿಡಿದು, ಅಂಗೈಯನ್ನು ಕೆಳಮುಖ ಮಾಡಿ, ಬೆರಳು ಸಡಿಲ ಬಿಡಬೇಕು. ಚೆಂಡು ಬೀಳದೆ ನಿಂತರೆ ಹದ ಸರಿ.

ಅಂದಿನಿಂದ ನಮ್ಮ ಆಟ ಬದಲಾಯಿತು. ಎದುರಾಳಿಗಳದ್ದೂ ಬದಲಾಯಿತು. ನಮ್ಮ ಕೈ ದಾಟಿದ ಚೆಂಡು ಅವರ ಕೈಗೆ ಹೋದರೆ ಅವರಿಗೆ ಬಿಡಲು ಬರುತ್ತಿರಲಿಲ್ಲ. ಒಬ್ಬಳು ಪಾಸು ಕೊಡಲು ಹೋಗಿ ಚೆಂಡಿನ ಜೊತೆ ತಾನೂ ಮುಗ್ಗರಿಸಿದಳು. ಪಂದ್ಯ ಮುಗಿದ ಮೇಲೆ ಎರಡೂ ತಂಡದವರು ಸಾಲಾಗಿ ಕೂತು ಅಂಗೈ ಚಾಚುವುದು, ನಿಂಗರಾಜಣ್ಣ ಕೊಬ್ಬರಿ ಎಣ್ಣೆಯ ಸೀಸೆ ಹಿಡಿದು ತೀರ್ಥದ ಹಾಗೆ ಒಬ್ಬೊಬ್ಬರಿಗೂ ಹಾಕಿಕೊಂಡು ಬರುವುದು. ಸೋತವರಿಗೆ ಸ್ವಲ್ಪ ಹೆಚ್ಚು ಹಾಕುತ್ತಿದ್ದ.

ಬೆಂಚಿನ ಮೇಲೆ ಕೂತವರಿಗೆ ಬಾಯಿ ಸುಮ್ಮನಿರುವುದಿಲ್ಲ. ಒಂದು ದಿನ ಅವನು ನನ್ನ ಪಕ್ಕ ಕೂತಿದ್ದಾಗ ಕೇಳಿಯೇಬಿಟ್ಟೆ. "ಅಲ್ಲ ನಿಂಗರಾಜಣ್ಣ, ಚಂದ್ರಿಗೆ ಕೆಲಸ ಸಿಕ್ಕಿಬಿಟ್ರೆ ನಿಮ್ಮಿಬ್ರ ಮದುವೆ ನಡೆಯಲ್ಲ. ನೀವೇ ಮೇಣ ಕಾಯಿಸ್ಕೊಂಡು ಬರ್ತೀರಲ್ಲ?"

ಅವನು ಚೆಂಡಿನಿಂದ ಕಣ್ಣು ತೆಗೆಯದೆ ಹೇಳಿದ. "ಸಿಕ್ರೆ ಅವ್ಳಿಗೆ ಒಳ್ಳೇದು. ಸಿಗ್ದಿದ್ರೆ ನಂಗೊಳ್ಳೇದು. ಮೇಣ ಎಲ್ಡಕ್ಕೂ ಒಂದೇಯ ಕಣವ್ವ."

ಚಂದ್ರಿಯನ್ನೂ ಕೇಳಿದೆ. "ಮಾವ ಚಿನ್ನದಂತೋನು ಕಣೆ" ಎಂದಳು. "ಆದ್ರೆ ಆ ಮಂಡೀಲಿ ಎಷ್ಟ್ ಎಸೆದ್ರೂ ಗೋಲು ಆಯ್ತದಾ? ಲಾರಿ ತುಂಬ್ತದೆ, ಒಯ್ತದೆ." ನನಗೆ ಇಬ್ಬರ ಬಗ್ಗೆಯೂ ಸಂಕಟವಾಯಿತು. ಮದುವೆಯಾಗುವವರು ಕೆಟ್ಟವರಾಗಿದ್ದರೆ ಎಷ್ಟು ಅನುಕೂಲ.

ಡಿಗ್ರಿಯ ಕೊನೆಯ ವರ್ಷ ಹಾಸನದ ಕ್ರೀಡಾಂಗಣದಲ್ಲಿ ಅಂತರ ಕಾಲೇಜು ಫೈನಲ್. ಇಲಾಖೆಯೊಂದರ ತಂಡಕ್ಕೆ ಹುಡುಗಿಯರನ್ನು ಆರಿಸಲು ಹುಬ್ಬಳ್ಳಿಯಿಂದ ಒಬ್ಬ ಮೇಡಂ ಬರುತ್ತಾರೆಂದು ಮೇಷ್ಟ್ರು ನಮಗೆ ವಾರದಿಂದ ಹೇಳಿ ಹೇಳಿ ನಿದ್ದೆ ಕೆಡಿಸಿದ್ದರು. ಚಂದ್ರಿಗೆ ಇದೇ ಕೊನೆಯ ಅವಕಾಶ. ಮಗಳ ಆಟವನ್ನು ಒಮ್ಮೆಯೂ ನೋಡದಿದ್ದ ಪುಟ್ಟತಾಯಮ್ಮನೂ ಅಂದು ನಮ್ಮ ಜೊತೆ ಬಸ್ಸು ಹತ್ತಿದರು. ಮೊಸಳೆ ಎಂಬ ಊರು ದಾಟುವಾಗ ದೇವಸ್ಥಾನದ ದಿಕ್ಕಿಗೆ ಕೈಮುಗಿದರು. ಏನು ಬೇಡಿಕೊಂಡರೆಂದು ನಾನು ಕೇಳಲಿಲ್ಲ. ಮಗಳಿಗೆ ಕೆಲಸವೋ ತಮ್ಮನಿಗೆ ಮದುವೆಯೋ, ಅವರಿಗೇ ತೀರ್ಮಾನವಾಗಿದ್ದಂತೆ ಕಾಣಲಿಲ್ಲ.

ಚಂದ್ರಿ ಅಂದು ಚೆನ್ನಾಗಿ ಆಡಿದಳು. ಸರಿಸಮವಾಗಿ ಹೋಗುತ್ತಿದ್ದ ಆಟದ ಕೊನೆಯ ಹೊತ್ತಿನಲ್ಲಿ ಅವಳ ಮೇಲೆ ಒಂದು ಫೌಲ್ ಬಂತು. ಅಂಪೈರ್ ಸೀಟಿ ಊದಿದರು. ಈ ಆಟದಲ್ಲಿ ಸೀಟಿ ಊದಿದ ತಕ್ಷಣ ಚೆಂಡನ್ನು ಇದ್ದಲ್ಲೇ ನೆಲಕ್ಕೆ ಬಿಟ್ಟು ದೂರ ಸರಿಯಬೇಕು. ಚಂದ್ರಿಗೆ ಇದು ಗೊತ್ತಿತ್ತು. ಆದರೆ ಅಂಪೈರ್ ವಯಸ್ಸಾದವರು, ಬೆಳ್ಳಗೆ ಕೂದಲು, ಎದುರಿಗೇ ನಿಂತಿದ್ದರು. ಜೊತೆಗೆ ಗ್ಯಾಲರಿಯಲ್ಲಿ ಅಮ್ಮ. ಅವಳು ಚೆಂಡನ್ನು ಎಡಗೈಯಿಂದ ಬಿಡಿಸಿ ಬಲಗೈಗೆ ತೆಗೆದುಕೊಂಡು, ಎಡಗೈಯನ್ನು ಬಲ ಮೊಣಕೈಗೆ ತಾಗಿಸಿ, ಸ್ವಲ್ಪ ಬಾಗಿ, ತಾಂಬೂಲ ಕೊಡುವಂತೆ ಅವರ ಮುಂದೆ ಚಾಚಿದಳು. ಮೇಣ ಅಂದು ಹದವಾಗಿತ್ತು, ಬಿಡಿಸುವುದೂ ತಡವಾಯಿತು. ಬೇಕೆಂದೇ ಆಟ ತಡೆಯುತ್ತಿದ್ದಾಳೆಂದು ಅಂಪೈರ್ ಎರಡು ಬೆರಳು ತೋರಿಸಿ ಎರಡು ನಿಮಿಷ ಹೊರಗೆ ಹಾಕಿದರು.

"ಯಾಕ್ ಸಾ?" ಎಂದಳು ಚಂದ್ರಿ. "ಮರ್ವಾದೆಯಾಗೇ ಕೊಟ್ನಲ್ಲಾ?"

ಅವಳು ಬಂದು ನನ್ನ ಪಕ್ಕ ಕೂತಳು. ಬೆಂಚಿನ ಮೇಲೆ ಅವಳಿಗೆ ಕೂರಲು ಬರುತ್ತಿರಲಿಲ್ಲ, ಅದಕ್ಕೆ ಅಭ್ಯಾಸ ಬೇಕು. ಆ ಎರಡು ನಿಮಿಷದಲ್ಲಿ ಅವರು ಒಂದು ಗೋಲು ಹೊಡೆದರು. ನಾವು ಒಂದು ಗೋಲಿನಿಂದ ಸೋತೆವು. ಆ ಗೋಲು ಬಿಟ್ಟದ್ದು ನಾನಲ್ಲ ಎಂದು ಇಲ್ಲಿ ದಾಖಲಿಸುತ್ತೇನೆ.

ಮೈದಾನದ ಅಂಚಿನಲ್ಲಿ ನಿಂಗರಾಜಣ್ಣ ಅವಳ ಅಂಗೈಗೆ ಎಣ್ಣೆ ಹಾಕುತ್ತಿದ್ದ. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಕೈ ಅಂಟಾದ್ದರಿಂದ ಒರೆಸಿಕೊಳ್ಳಲಾಗುತ್ತಿರಲಿಲ್ಲ. ನಾನೇ ಟವೆಲ್ಲಿನಿಂದ ಒರೆಸಿದೆ. "ಮುಗೀತು ಮಾವ" ಎಂದಳು. ಅವನು ಇನ್ನೊಂದು ಹನಿ ಎಣ್ಣೆ ಹಾಕಿದ. ಆಗ ಹುಬ್ಬಳ್ಳಿಯ ಮೇಡಂ ನೇರ ನಮ್ಮ ಹತ್ತಿರ ಬಂದರು. ಎತ್ತರದ ಹೆಂಗಸು, ಟ್ರ್ಯಾಕ್‌ಸೂಟು, ಕೊರಳಲ್ಲಿ ಸೀಟಿ, ಕೈಯಲ್ಲೊಂದು ಚೆಂಡು. ಸೋಲು ಗೆಲುವಿನ ಮಾತೇ ಎತ್ತದೆ, "ಈಕೀ ಲೆಫ್ಟ್ ಹ್ಯಾಂಡೇನ್ರೀ? ಖರೇನ ಎಡಗೈಯಾಕಿನ?" ಎಂದು ಕೇಳಿದರು.

ಇದರ ಅರ್ಥ ನಮಗೆ ಆಮೇಲೆ ತಿಳಿಯಿತು. ಮೈದಾನದ ಬಲಮೂಲೆಯಿಂದ ಬಲಗೈಯವರು ಎಸೆದರೆ ಎದುರಿಗೆ ಜಾಗವೇ ಇರುವುದಿಲ್ಲ, ಎಡಗೈಯವರಿಗೆ ಪೂರ್ತಿ ಗೋಲು ತೆರೆದಿರುತ್ತದೆ. ಅಂಥ ಒಬ್ಬಳನ್ನು ಹುಡುಕಿಕೊಂಡು ಆ ಮೇಡಂ ಊರೂರು ಅಲೆಯುತ್ತಿದ್ದರು. ಆದರೆ ಅದೇ ಪ್ರಶ್ನೆಯನ್ನು ಪುಟ್ಟತಾಯಮ್ಮ ಎಷ್ಟೋ ವರ್ಷಗಳಿಂದ ಬೇರೆ ರೀತಿಯಲ್ಲಿ ಎದುರು ನೋಡುತ್ತ ಹೆದರಿಕೊಂಡಿದ್ದರು. ಹೆಣ್ಣು ನೋಡಲು ಬಂದವರು ಕೇಳಬಾರದ ಪ್ರಶ್ನೆ ಅದು. ಅವರು ಸೆರಗು ಹೊದ್ದು ಮುಂದೆ ಬಂದರು.

"ಇಲ್ಲ ಕಣ್ರವ್ವಾ, ನಮ್ ಮಗ್ಳು ಎಡಚಿ ಅಲ್ಲ" ಎಂದರು. "ಏನೋ ಆಟದ ಗಾಬ್ರೀಲಿ ಆ ಕೈಲಿ ಎಸ್ದವ್ಳೆ. ಉಣ್ಣೋದು, ಬರ್ಯೋದು, ಕೊಡೋದು, ತಗೊಳ್ಳೋದು ಎಲ್ಲಾ ಬಲಗೈಲೇಯ. ಬೇಕಾರೆ ಅವ್ಳನ್ನೇ ಕೇಳಿ."

ಮೇಡಂ ಚಂದ್ರಿಯ ಕಡೆ ನೋಡಿದರು. ಅಮ್ಮನ ಮಾತು ತೆಗೆದುಹಾಕಿ ಚಂದ್ರಿಗೆ ಅಭ್ಯಾಸವಿರಲಿಲ್ಲ. ಅದೂ ಅಲ್ಲದೆ, ಎಡಗೈಯ ಚಟದಿಂದಲೇ ಈಗಷ್ಟೇ ಪಂದ್ಯ ಕಳೆದುಕೊಂಡು ಬಂದವಳು ಅವಳು. "ಹೂಂ ಮೇಡಂ, ಬಲಗೈಲೇ ಊಟ" ಎಂದಳು, ತಲೆ ತಗ್ಗಿಸಿ. ನಾನು ಬಾಯಿ ತೆರೆದೆ. ಪುಟ್ಟತಾಯಮ್ಮ ನನ್ನನ್ನು ನೋಡಿದ ರೀತಿಗೆ ಮುಚ್ಚಿಕೊಂಡೆ. ಮೇಡಂ, "ಹೌದಾ? ನಾ ಬ್ಯಾರೆನ ತಿಳಕೊಂಡಿದ್ದೆ" ಎಂದು ನಿರಾಸೆಯಿಂದ ತಿರುಗಿ ನಾಲ್ಕು ಹೆಜ್ಜೆ ನಡೆದರು.

ಆ ಹೊತ್ತಿಗೆ ಸುಮ್ಮನಿದ್ದರೆ ಸಾಕಾಗಿತ್ತು. ನಿಂಗರಾಜಣ್ಣ ಹುಟ್ಟಾ ಸುಮ್ಮನಿರುವ ಮನುಷ್ಯ. ಅವನು ಎಣ್ಣೆ ಸೀಸೆಯ ಬಿರಡೆ ಹಾಕಿ, ಅದನ್ನು ಜೇಬಿಗಿಟ್ಟುಕೊಂಡು, ಗಂಟಲು ಸರಿಮಾಡಿಕೊಂಡ.

"ಮೇಡಂ, ನಿಂತ್ಕೊಳಿ" ಎಂದ. "ನಮ್ಮಕ್ಕ ಸುಳ್ ಏಳ್ತಾವ್ಳೆ. ಅವ್ಳು ಎಡಚೀನೇಯ. ಉಟ್ದಾಗಿಂದ್ಲೂ ಎಡಚಿ. ಲಾರಿಗೆ ಕಾಯಿ ಎಸ್ಯೋದು ಎಡಗೈಲಿ, ನಾಯಿಗೆ ಕಲ್ಲು ಬೀಸೋದು ಎಡಗೈಲಿ. ಚಿಕ್ಕೋಳಿದ್ದಾಗ ನನ್ ಕಪಾಳಕ್ಕೆ ಒಡ್ದಿದ್ದೂ ಎಡಗೈಲೇ. ನಂಗೆ ಗೊತ್ತಿಲ್ವಾ?"

"ನೀವ್ಯಾರ್ರೀ?" ಎಂದರು ಮೇಡಂ.

"ನಾನು ಮದ್ವೆಯಾಗ್ಬೇಕಾಗಿದ್ದೋನು" ಎಂದ ನಿಂಗರಾಜಣ್ಣ.

ಪುಟ್ಟತಾಯಮ್ಮ ತಮ್ಮನ ಮುಖ ನೋಡಿದರು. ಹತ್ತಿರದಲ್ಲಿ ಯಾರೋ ಬಹುಮಾನಕ್ಕೆ ಮೈಕು ಸರಿಮಾಡುತ್ತಿದ್ದರು. ಮೇಡಂ ತಮ್ಮ ಕೈಲಿದ್ದ ಚೆಂಡನ್ನು ಚಂದ್ರಿಯ ಕಡೆಗೆ ಫಕ್ಕನೆ ಎಸೆದರು. ಚಂದ್ರಿಯ ಎಡಗೈ ತಾನಾಗಿ ಮೇಲೆದ್ದು ಹಿಡಿಯಿತು.

ಕೆಲಸದ ಆದೇಶ ಬಂದ ದಿನ ಪುಟ್ಟತಾಯಮ್ಮ ನನ್ನ ಕೈಲಿ ಅದನ್ನು ಎರಡು ಸಲ ಓದಿಸಿದರು. "ಎಡಗೈಗೂ ಸಂಬ್ಳ ಕೊಡ್ತಾರಾ?" ಎಂದು ಕೇಳಿದರು. ಕೊಡುತ್ತಾರೆ ಎಂದೆ. ಹೆಣ್ಣಾಗಿ ಹುಟ್ಟಿಸಿ ಎಡಚಿ ಮಾಡಿದ ದೇವರಿಗೆ ಇಂಥದ್ದೊಂದು ಯೋಚನೆಯಿತ್ತೆಂದು ಮೊದಲೇ ಹೇಳಿದ್ದರೆ ಮಗಳಿಗೆ ಅಷ್ಟೊಂದು ಹೊಡೆಯುತ್ತಿರಲಿಲ್ಲ ಎಂದರು. ತಮ್ಮನ ಜೊತೆ ಒಂದು ವರ್ಷ ಮಾತು ಬಿಟ್ಟರು.

ಚಂದ್ರಿ ಹತ್ತು ಹನ್ನೆರಡು ವರ್ಷ ಇಲಾಖೆಗೆ ಆಡಿದಳು. ಬೆಳಿಗ್ಗೆ ಆಫೀಸಿನಲ್ಲಿ ಸಹಿ, ಆಮೇಲೆ ಮೈದಾನ. ಕಂಡರಿಯದ ಊರುಗಳಿಗೆ ರೈಲಿನಲ್ಲಿ ಹೋದಳು, ಬಾಗಿಲಿನಷ್ಟು ಎತ್ತರದ ಪಂಜಾಬಿನ ಹುಡುಗಿಯರ ನಡುವೆ ನುಗ್ಗಿ ಗೋಲು ಹೊಡೆದಳು, ಮೂಗು ಮುರಿದುಕೊಂಡಳು. ದೇಶದ ತಂಡದ ಶಿಬಿರಕ್ಕೂ ಆಯ್ಕೆಯಾದಳು. ತಂಡ ಹೊರದೇಶಕ್ಕೆ ಹೊರಟಾಗ ಇವಳ ಪಾಸ್‌ಪೋರ್ಟು ಬಂದಿರಲಿಲ್ಲ, ಪಾಸ್‌ಪೋರ್ಟು ಬಂದಾಗ ತಂಡ ವಾಪಸು ಬಂದಿತ್ತು. ಒಮ್ಮೆ ಪತ್ರಿಕೆಯಲ್ಲಿ ಚಿತ್ರ ಬಂತು. ಜಗ್ಗಾಟದ ನಡುವೆ ತೆಗೆದದ್ದು, ಅದರಲ್ಲಿ ಅವಳದೆಂದು ಗುರುತಿಸಬಹುದಾದದ್ದು ಒಂದು ಕೈ ಮಾತ್ರ. ಎಡಗೈ. ಪುಟ್ಟತಾಯಮ್ಮ ಅದನ್ನು ಕತ್ತರಿಸಿ, ಅನ್ನದ ಅಗುಳು ತಿಕ್ಕಿ ದೇವರ ಪಟಗಳ ಪಕ್ಕದಲ್ಲೇ ಅಂಟಿಸಿದರು.

ಇಲಾಖೆಯವರು ಒಳ್ಳೆಯ ಅಂಟನ್ನೇ ತರಿಸುತ್ತಿದ್ದರು. ಆದರೂ ವರ್ಷವರ್ಷ ಹಲಸಿನ ಕಾಲಕ್ಕೆ ಚನ್ನರಾಯಪಟ್ಟಣದಿಂದ ನನಗೊಂದು ಹಣ್ಣು, ಜೊತೆಗೆ ಒಂದು ಡಬ್ಬಿ ಬರುತ್ತಿತ್ತು. ನಾನು ಡಬ್ಬಿಯನ್ನು ಹುಬ್ಬಳ್ಳಿಗೆ ಕಳಿಸಬೇಕು. ನಿಂಗರಾಜಣ್ಣ ನೇರ ಅವಳಿಗೆ ಕಳಿಸಿದ್ದೇ ಇಲ್ಲ. ಅವಳ ತಂಡದ ಹುಡುಗಿಯರು ಇದೇನೆಂದು ಕೇಳಿದಾಗ, ಆಗಿನ್ನೂ ಹಿಂದಿ ಬಾರದ ಚಂದ್ರಿ "ಮಾಮಾ" ಎಂದಷ್ಟೇ ಹೇಳಿದಳಂತೆ. ಅಲ್ಲಿಂದ ಆ ಮೇಣಕ್ಕೆ ಅದೇ ಹೆಸರು ನಿಂತಿತು. ಮುಖ್ಯ ಪಂದ್ಯಗಳಿಗೆ ಮೊದಲು ಎಲ್ಲರೂ ಸಾಲಾಗಿ ಬಂದು ಸ್ವಲ್ಪ ಮಾಮಾ ಕೊಡು ಎಂದು ಬೆರಳು ಚಾಚುತ್ತಿದ್ದರಂತೆ. ಇದನ್ನು ನಿಂಗರಾಜಣ್ಣನಿಗೆ ಹೇಳಿದೆ. ಅವನು ನಗಲಿಲ್ಲ. "ಈ ಸಲ ಎಲ್ಡು ಡಬ್ಬಿ ಮಾಡ್ಬೇಕು ಅಂಗಾರೆ" ಎಂದ.

ಎರಡು ಸಾವಿರದ ಇಸವಿ ದಾಟಿ ಎಂಟೊಂಬತ್ತು ವರ್ಷಕ್ಕೆ ಚಂದ್ರಿಯ ಮಂಡಿ ಕೈಕೊಟ್ಟಿತು. ಕಾಯಿ ಮಂಡಿಯಲ್ಲ, ಮೊಣಕಾಲು. ಆಟ ನಿಂತಿತು, ಆಫೀಸು ಉಳಿಯಿತು. ಹುಬ್ಬಳ್ಳಿಯ ಸಹೋದ್ಯೋಗಿಯನ್ನು ಮದುವೆಯಾದಳು, ವರ್ಗ ಮಾಡಿಸಿಕೊಂಡು ಹಾಸನಕ್ಕೆ ಬಂದಳು. ನಿಂಗರಾಜಣ್ಣ ಅದಕ್ಕೆ ಮುಂಚೆಯೇ ಅರಕಲಗೂಡಿನ ಕಡೆಯ ಹುಡುಗಿಯನ್ನು ಮದುವೆಯಾಗಿದ್ದ. ಆಟ ನಿಂತರೂ ಡಬ್ಬಿ ನಿಲ್ಲಲಿಲ್ಲ. ಬೇಡವೆಂದು ಅವನಿಗೆ ನಾನು ಹೇಳಲಿಲ್ಲ, ಅವಳೂ ಹೇಳಲಿಲ್ಲ.

ಹೋದ ವರ್ಷ ಅವನು ತೀರಿಕೊಂಡ. ಈ ವರ್ಷ ಹಣ್ಣು ಬರುವುದಿಲ್ಲವೆಂದೇ ಎಣಿಸಿದ್ದೆ. ಬಂದ ಮೇಲೆ ಅವನ ಹೆಂಡತಿಗೆ ಫೋನು ಮಾಡಿದೆ. "ಅವ್ರು ಇದ್ದಾಗ ಹಣ್ಣಿನ್ ಜೊತೆ ಮೇಣಾನೂ ಕಾಯಿಸಿ ಕಳಿಸೋರು" ಎಂದರು ಆಕೆ. "ಹದ ನೋಡೋದು ನನಗೂ ತೋರ್ಸಿಕೊಟ್ಟಿದ್ರು. ಯಾಕೆ ಅಂತ ನಾನು ಕೇಳ್ನಿಲ್ಲ ಕಣಕ್ಕ. ನೀವೇನೋ ಔಸ್ದಿಗೆ ಆಕ್ತೀರೇನೋ ಅಂದ್ಕಂಡೆ. ತಪ್ಪಿಸಬಾರ್ದು ಅನ್ನುಸ್ತು."

ಔಷಧಿಗೇ ಎಂದೆ.

ಭಾನುವಾರ ಚಂದ್ರಿ ಬಂದಳು, ಮೆಟ್ಟಿಲನ್ನು ಒಂದೊಂದಾಗಿ ಹತ್ತಿಕೊಂಡು. ನಾನು ಅಡುಗೆಮನೆಯಲ್ಲಿ ನೆಲದ ಮೇಲೆ ಪೇಪರು ಹಾಸಿ ಹಣ್ಣು ಬಿಡಿಸುತ್ತಿದ್ದೆ. ಬಲಗೈ ತುಂಬ ಮೇಣ. ಡಬ್ಬಿಯನ್ನು ಕಣ್ಣಲ್ಲೇ ತೋರಿಸಿದೆ. ಅವಳು ಅದನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡು ನಿಂತಳು. ಆಮೇಲೆ ಚಮಚದ ಹಿಂಬದಿಯಿಂದ ಮುಚ್ಚಳ ಮೀಟಿ, ಮೂಸಿ, ಎಡಗೈಯ ಬೆರಳುಗಳಿಗೆ ಒಂದೊಂದಾಗಿ ಹಚ್ಚಿಕೊಂಡಳು. ಮೂಲೆಯ ಬುಟ್ಟಿಯಿಂದ ಒಂದು ತೆಂಗಿನಕಾಯಿ ತೆಗೆದುಕೊಂಡಳು. ಅಂಗೈಯನ್ನು ಕೆಳಮುಖ ಮಾಡಿ ಬೆರಳು ಸಡಿಲ ಬಿಟ್ಟಳು.

ಕಾಯಿ ಬೀಳಲಿಲ್ಲ.

"ಹದ ಸರಿಯಾಗೈತೆ ಕಣೆ" ಎಂದಳು. ಕಣ್ಣು ಒರೆಸಿಕೊಳ್ಳಲು ಈ ಸಲ ಅವಳಿಗೊಂದು ಕೈ ಖಾಲಿಯಿತ್ತು. "ತಗೋ, ಇಡು" ಎಂದು ಕಾಯಿಯನ್ನು ನನ್ನ ಕಡೆ ಚಾಚಿದಳು. ಅವಳು ಕೈ ಬದಲಾಯಿಸುತ್ತಾಳೆಂದು ಅಭ್ಯಾಸಬಲದಿಂದ ಕಾದೆ. ಅವಳು ಬದಲಾಯಿಸಲಿಲ್ಲ. ನಾನೂ ಎಡಗೈಯಲ್ಲೇ ತೆಗೆದುಕೊಂಡೆ. ಅದನ್ನು ಅವಳ ಬೆರಳುಗಳಿಂದ ಬಿಡಿಸುವುದಕ್ಕೆ ಇಬ್ಬರಿಗೂ ತುಸು ಹೊತ್ತು ಹಿಡಿಯಿತು.